ಕಲ್ಲಿನಲ್ಲಿ ಕಂಡದ್ದೆಲ್ಲ ಜೀವವೇ? ಬಾಗಲಕೋಟೆಯ ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಓದುಗರ ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಲೋಕಾಪುರದ ಹತ್ತಿರ ರಸ್ತೆ ಕೆಲಸಕ್ಕೆಂದು ತಂದು ಸುರಿದಿದ್ದ ಕಲ್ಲಿನ ರಾಶಿಯಲ್ಲಿ ನನಗೊಂದು ಬೂದು ಬಣ್ಣದ ಕಲ್ಲು ಸಿಕ್ಕಿದೆ. ಅದರ ಒಂದು ಬದಿಯಲ್ಲಿ, ಎಲೆಕೋಸನ್ನು ಸೀಳಿದಾಗ ಕಾಣುವಂತೆ, ಒಂದರ ಮೇಲೊಂದು ಬಾಗಿದ ಪದರುಗಳಿವೆ. ನಡುವೆ ಚಾಕುವಿನಿಂದ ಗೀರಿದರೂ ಗೆರೆ ಬೀಳದ ಒಂದು ಕಪ್ಪು ಪಟ್ಟಿಯೂ ಇದೆ. ಇದು ಸ್ಟ್ರೊಮ್ಯಾಟೊಲೈಟ್, ಅಂದರೆ ಪ್ರಾಚೀನ ಸೂಕ್ಷ್ಮಜೀವಿಗಳು ಪದರು ಪದರಾಗಿ ಕಟ್ಟಿದ ದಿಬ್ಬದ ಕಲ್ಲು, ಇರಬಹುದೆಂದು ಪುಸ್ತಕ ನೋಡಿ ಊಹಿಸಿದ್ದೇನೆ. ಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಏನೂ ಕಾಣಲಿಲ್ಲ. ಪರಿಚಿತರೊಬ್ಬರು, ಆಸಿಡ್‌ನಲ್ಲಿ ಕರಗಿಸಿದರೆ ಒಳಗಿನ ಜೀವಿಗಳು ಹೊರಬರುತ್ತವೆ ಎಂದರು. ಇನ್ನೊಬ್ಬರು, ಇದಕ್ಕೆ ಲಕ್ಷಗಟ್ಟಲೆ ಬೆಲೆಯಿದೆ, ಮಾರಿಸಿಕೊಡುತ್ತೇನೆ ಎನ್ನುತ್ತಿದ್ದಾರೆ. ಈ ನಡುವೆ ಹತ್ತನೆಯ ತರಗತಿಯ ಹುಡುಗನೊಬ್ಬ, ‘ಮೇಡಂ, ಜಗತ್ತಿನ ಅತ್ಯಂತ ಹಳೆಯ ಪಳೆಯುಳಿಕೆ ಬರೀ ಕಲ್ಲಿನ ಬಿರುಕಂತೆ, ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರಂತೆ’ ಎಂದು ಮೊಬೈಲ್‌ನಲ್ಲಿ ವಿಡಿಯೊ ತೋರಿಸಿದ. ನನಗೆ ಉತ್ತರ ಹೊಳೆಯಲಿಲ್ಲ. ಇಂದು ಹೌದು, ನಾಳೆ ಅಲ್ಲ ಎನ್ನುವ ವಿಷಯವನ್ನು ಮಕ್ಕಳಿಗೆ ಯಾವ ಧೈರ್ಯದಿಂದ ಕಲಿಸಲಿ? ಈ ಕಲ್ಲನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಕೈಯಲ್ಲಿರುವ ಕಲ್ಲು ಹಾಳಾಗಬಾರದು ಎಂಬುದು ಒಂದು. ಮಕ್ಕಳ ಮುಂದೆ ಹೇಳಿದ ಮಾತು ಸುಳ್ಳಾಗಬಾರದು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆಯಿಂದ ಬರುತ್ತದೆ. ಕಲ್ಲಿನೊಳಗೆ ಕಾಣುವ ಆಕಾರ ಎಷ್ಟೇ ಚೆನ್ನಾಗಿದ್ದರೂ ಅದೊಂದನ್ನೇ ಹಿಡಿದು ಜೀವವಿತ್ತು ಎನ್ನಲಾಗದು. ಆ ಕಲ್ಲು ಯಾವ ಜಾಗದ್ದು, ಯಾವ ಪದರಿನದು, ಹೇಗೆ ರೂಪುಗೊಂಡಿತು ಎಂಬುದು ಗೊತ್ತಾದಾಗಲೇ ಆಕಾರಕ್ಕೆ ಅರ್ಥ ಬರುತ್ತದೆ. ಹುಡುಗ ತೋರಿಸಿದ ವಿಡಿಯೊದ ಹಿಂದಿರುವ ಜಗಳವೂ ಇದೇ.

ಮೊದಲು ಆ ಜಗಳವನ್ನೇ ನೋಡೋಣ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾ ಪ್ರದೇಶದಲ್ಲಿ ಮಾರ್ಬಲ್ ಬಾರ್ ಎಂಬ ಊರಿದೆ. ಅದರ ಹತ್ತಿರ ಸಿಗುವ ಚರ್ಟ್ (ಸಿಲಿಕಾದಿಂದಾದ ಗಟ್ಟಿ ಕಲ್ಲು) ಶಿಲೆಗೆ ಏಪೆಕ್ಸ್ ಚರ್ಟ್ ಎಂದು ಹೆಸರು, ವಯಸ್ಸು ಸುಮಾರು 346 ಕೋಟಿ ವರ್ಷ. ಅಮೆರಿಕದ ವಿಲಿಯಂ ಶಾಫ್ 1993ರಲ್ಲಿ ಈ ಶಿಲೆಯ ತೆಳುಪದರಗಳಲ್ಲಿ (ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿದ ಕಲ್ಲಿನ ಬಿಲ್ಲೆಗಳಲ್ಲಿ) ಎಳೆಯೆಳೆಯಾದ ಸೂಕ್ಷ್ಮ ರಚನೆಗಳನ್ನು ತೋರಿಸಿ, ಅವು 11 ಬಗೆಯ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳು ಎಂದರು. ಕೆಲವು ಸೈನೊಬ್ಯಾಕ್ಟೀರಿಯಾಗಳನ್ನು, ಅಂದರೆ ನಾವು ನೀಲಿ-ಹಸಿರು ಪಾಚಿ ಎನ್ನುವುದನ್ನು, ಹೋಲುತ್ತವೆ ಎಂದೂ ಬರೆದರು. ಎಳೆಗಳಲ್ಲಿ ಅಡ್ಡಗೋಡೆಗಳಂಥವು ಕಾಣುತ್ತಿದ್ದವು, ಬಣ್ಣ ಕಂದು-ಕಪ್ಪು. ಸುಮಾರು ಹತ್ತು ವರ್ಷ ಜಗತ್ತಿನ ಪಠ್ಯಪುಸ್ತಕಗಳೆಲ್ಲ ಆ ಚಿತ್ರಗಳನ್ನೇ ಅಚ್ಚು ಹಾಕಿದವು.

2002ರಲ್ಲಿ ಆಕ್ಸ್‌ಫರ್ಡ್‌ನ ಮಾರ್ಟಿನ್ ಬ್ರೇಸಿಯರ್ ಮತ್ತು ಸಂಗಡಿಗರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಅದೇ ತೆಳುಪದರಗಳನ್ನು ಮತ್ತೆ ನೋಡಿದರು. ಬಿಲ್ಲೆಯ ಆಳದಲ್ಲಿ ಮಟ್ಟದಿಂದ ಮಟ್ಟಕ್ಕೆ ಫೋಕಸ್ ಬದಲಿಸುತ್ತ ತೆಗೆದ ಚಿತ್ರಗಳನ್ನು ಜೋಡಿಸಿದಾಗ, ನೇರ ಎಳೆ ಎಂದುಕೊಂಡದ್ದು ಕೆಲವೆಡೆ ಕವಲೊಡೆದಿತ್ತು, ಕೆಲವೆಡೆ ಸ್ಫಟಿಕದ ಅಂಚನ್ನೇ ಬಳಸಿಕೊಂಡು ಹೋಗಿತ್ತು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆಯದು. ಅವರು ಪಿಲ್ಬಾರಾಕ್ಕೆ ಹೋಗಿ ಆ ಜಾಗದ ಭೂನಕ್ಷೆಯನ್ನೇ ಹೊಸದಾಗಿ ಬರೆದರು. ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಶಿಲೆ ಎಂದು ತಿಳಿದಿದ್ದದ್ದು ಭೂಮಿಯ ಆಳದಿಂದ ಕುದಿನೀರು ಮೇಲೆ ಬರುತ್ತಿದ್ದ ಬಿರುಕಿನೊಳಗೆ ತುಂಬಿಕೊಂಡ ಚರ್ಟ್ ಎಂದು ತೋರಿತು. ಬಿಸಿಲಿಲ್ಲದ ಬಿರುಕಿನಲ್ಲಿ ಬಿಸಿಲನ್ನೇ ನಂಬಿ ಬದುಕುವ ಸೈನೊಬ್ಯಾಕ್ಟೀರಿಯಾ ಎಲ್ಲಿಂದ ಬರಬೇಕು?

ಶಾಫ್ ಸುಮ್ಮನಿರಲಿಲ್ಲ. ಅದೇ ವರ್ಷ, ಬೆಳಕು ಚದುರುವ ಬಗೆಯಿಂದ ವಸ್ತು ಯಾವುದೆಂದು ಗುರುತಿಸುವ ರಾಮನ್ ವರ್ಣಪಟಲದ ಸಹಾಯದಿಂದ, ಎಳೆಗಳಲ್ಲಿರುವುದು ಜೈವಿಕ ಮೂಲದ ಇಂಗಾಲ ಎಂದು ವಾದಿಸಿದರು. (ಸಿ.ವಿ. ರಾಮನ್ ಅವರ ಹೆಸರಿನ ಈ ವಿಧಾನ ಇಂದು ನಮ್ಮ ಕ್ಷೇತ್ರದ ದಿನಬಳಕೆಯ ಉಪಕರಣ ಎನ್ನುವುದನ್ನು ನಿಮ್ಮ ಮಕ್ಕಳಿಗೆ ಹೇಳಲೇಬೇಕು.) ಆದರೆ ಇಂಗಾಲ ಇದೆ ಎಂದು ತೋರಿಸುವಷ್ಟು ಸುಲಭವಾಗಿ, ಅದು ಜೀವಿಯ ದೇಹದ್ದು ಎಂದು ತೋರಿಸಲು ರಾಮನ್ ವಿಧಾನಕ್ಕೆ ಆಗುವುದಿಲ್ಲ. ಬ್ರೇಸಿಯರ್ 2014ರ ಕೊನೆಗೆ ತೀರಿಕೊಂಡರು. ಮರುವರ್ಷ ಅವರ ತಂಡದ ಹೊಸ ಅಧ್ಯಯನ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ಎಳೆಗಳು ಹುಳುವಿನಾಕಾರದಲ್ಲಿ ಪೇರಿಸಿಕೊಂಡ ಖನಿಜದ ಹಾಳೆಗಳಂತೆ ಕಂಡವು. ಇಂಗಾಲ ಆಮೇಲೆ ಬಂದು ಆ ಹಾಳೆಗಳ ನಡುವೆ ಸೇರಿಕೊಂಡಿತ್ತು. 2017ರಲ್ಲಿ ಶಾಫ್ ಮತ್ತು ಜಾನ್ ವ್ಯಾಲಿ ಒಂದೊಂದು ಎಳೆಯಲ್ಲೂ ಹಗುರ ಮತ್ತು ಭಾರದ ಇಂಗಾಲದ ಪಾಲನ್ನು (ಇದರ ವಿವರ ಮುಂದಿದೆ) ಬೇರೆಬೇರೆಯಾಗಿ ಅಳೆದು, ಬಗೆಯಿಂದ ಬಗೆಗೆ ವ್ಯತ್ಯಾಸವಿದೆ, ಆದ್ದರಿಂದ ಇವು ಜೀವಿಗಳೇ ಎಂದು ಮತ್ತೆ ಬರೆದರು.

ಹಾಗಾಗಿ ಹುಡುಗನ ವಿಡಿಯೊ ಅರ್ಧ ಸರಿ. ಏಪೆಕ್ಸ್ ಎಳೆಗಳನ್ನು ನನ್ನಂಥ ಅನೇಕರು ಪಳೆಯುಳಿಕೆ ಎಂದು ಒಪ್ಪುವುದಿಲ್ಲ. ಆದರೆ ಅದನ್ನು ಪ್ರಕಟಿಸಿದವರು ‘ತಪ್ಪಾಯಿತು’ ಎಂದು ಒಪ್ಪಿಕೊಂಡಿದ್ದಾರೆ ಎಂಬುದು ಸುಳ್ಳು. ‘ಆದ್ದರಿಂದ ಆದಿಜೀವದ ಕಥೆಯೆಲ್ಲ ಊಹೆ’ ಎನ್ನುವುದಂತೂ ಪೂರ್ತಿ ತಪ್ಪು, ಏಕೆಂದರೆ 340 ಕೋಟಿ ವರ್ಷಗಳ ಹಿಂದೆ ಭೂಮಿಯಲ್ಲಿ ಜೀವವಿತ್ತು ಎಂಬ ತೀರ್ಮಾನ ಏಪೆಕ್ಸ್ ಒಂದರ ಮೇಲೆ ನಿಂತಿಲ್ಲ. ಅದೇ ಪಿಲ್ಬಾರಾದಲ್ಲಿ ಸ್ಟ್ರೆಲ್ಲಿ ಪೂಲ್ ಎಂಬ ಶಿಲಾಸ್ತರವಿದೆ, ವಯಸ್ಸು ಸುಮಾರು 343 ಕೋಟಿ ವರ್ಷ. 2006ರಲ್ಲಿ ಆಬಿಗೇಲ್ ಆಲ್ವುಡ್ ಮತ್ತು ಸಂಗಡಿಗರು ಅಲ್ಲಿನ ಸ್ಟ್ರೊಮ್ಯಾಟೊಲೈಟ್‌ಗಳನ್ನು ಕಿಲೋಮೀಟರ್‌ಗಟ್ಟಲೆ ಹಿಂಬಾಲಿಸಿದರು. ಏಳು ಬಗೆಯ ಆಕಾರಗಳು ಸಿಕ್ಕವು. ನೀರಿನ ಆಳ, ಅಲೆಯ ರಭಸ ಬದಲಾದಂತೆ ಆಕಾರವೂ ಬದಲಾಗಿತ್ತು, ಇಂದಿನ ಸೂಕ್ಷ್ಮಜೀವಿಗಳ ದಿಬ್ಬಗಳಲ್ಲಿ ಹೇಗೆ ಆಗುತ್ತದೆಯೋ ಹಾಗೆ. ಅದಕ್ಕೂ ಸ್ವಲ್ಪ ಹಳೆಯ ಡ್ರೆಸ್ಸರ್ ಸ್ತರದಲ್ಲಿ, ಸುಮಾರು 348 ಕೋಟಿ ವರ್ಷದಷ್ಟು ಹಿಂದಿನ ಸ್ಟ್ರೊಮ್ಯಾಟೊಲೈಟ್‌ಗಳಿವೆ. ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಪ್ರದೇಶದಲ್ಲಿ ಸುಮಾರು 320 ಕೋಟಿ ವರ್ಷ ಹಳೆಯ, ಬರಿಗಣ್ಣಿಗೆ ಕಾಣುವ ಅಂಚಿಗೆ ಬರುವಷ್ಟು ದೊಡ್ಡ ಗೋಳಾಕಾರದ ಕೋಶಗಳು ಸಿಕ್ಕಿವೆ. ಇಷ್ಟರ ಮೇಲೆ ತರಗತಿಯಲ್ಲಿ ಧೈರ್ಯದಿಂದ ನಿಲ್ಲಬಹುದು.

ಅದಕ್ಕಿಂತ ಹಿಂದಿನದಕ್ಕೆ ಹೋದಂತೆ ನೆಲ ಜಾರುತ್ತದೆ. ಗ್ರೀನ್‌ಲ್ಯಾಂಡ್‌ನ ಇಸುವಾದಲ್ಲಿ 370 ಕೋಟಿ ವರ್ಷದ ಶಿಲೆಯೊಳಗೆ, ಕೆಲವು ಸೆಂಟಿಮೀಟರ್ ಎತ್ತರದ ಶಂಕುವಿನಾಕಾರದ ಸ್ಟ್ರೊಮ್ಯಾಟೊಲೈಟ್‌ಗಳು ಇವೆ ಎಂದು 2016ರಲ್ಲಿ ಅಲೆನ್ ನಟ್‌ಮನ್ ತಂಡ ಪ್ರಕಟಿಸಿತು. ಎರಡು ವರ್ಷದ ಬಳಿಕ ಆಲ್ವುಡ್, ಹೌದು, ಸ್ಟ್ರೆಲ್ಲಿ ಪೂಲ್‌ನವರೇ, ಅಲ್ಲಿಗೆ ಹೋಗಿ ನೋಡಿ, ಅವು ಶಂಕುಗಳಲ್ಲ, ಉದ್ದಕ್ಕೆ ಎಳೆದ ಏಣುಗಳು ಎಂದರು. ಶಿಲೆ ಹಿಂಡಿಸಿಕೊಂಡು ಮಡಿಸಿಕೊಂಡಾಗ ಆಗುವ ಆಕಾರ ಅದು, ಸ್ಟ್ರೊಮ್ಯಾಟೊಲೈಟ್‌ನ ಒಳಪದರುಗಳು ಅಲ್ಲಿಲ್ಲ ಎಂಬುದು ಅವರ ವಾದ. ಮೊದಲ ತಂಡ ಅದಕ್ಕೆ ಉತ್ತರ ಕೊಟ್ಟಿದೆ, ಚರ್ಚೆ ಮುಗಿದಿಲ್ಲ. ಕೆನಡಾದ ಕ್ವಿಬೆಕ್‌ನ ನುವ್ವುಅಗಿಟ್ಟುಕ್‌ನಿಂದ 2017ರಲ್ಲಿ ವರದಿಯಾದ ಹೆಮಟೈಟ್ (ಕಬ್ಬಿಣದ ಖನಿಜ) ಕೊಳವೆಗಳ ಸ್ಥಿತಿಯೂ ಹೀಗೆಯೇ. ಅಲ್ಲಿ ಶಿಲೆಯ ವಯಸ್ಸೇ 377 ಕೋಟಿಯೋ 428 ಕೋಟಿಯೋ ಎಂಬ ವಾದವಿದೆ. ಜೀವದ ಪರ ವಾದಿಸಿ ಹೆಸರಾದ ಆಲ್ವುಡ್ ಅವರೇ ಇನ್ನೊಂದು ಕಡೆ ‘ಇಲ್ಲ’ ಎಂದರಲ್ಲ, ಅದನ್ನು ಮಕ್ಕಳಿಗೆ ಹೇಳಿ. ಶಾಫ್ ಕೂಡ ಹಾಗೆಯೇ. 1996ರಲ್ಲಿ ಮಂಗಳದ ಉಲ್ಕೆಯೊಂದರಲ್ಲಿ ಜೀವದ ಕುರುಹುಗಳಿವೆ ಎಂದು ನಾಸಾ ಪತ್ರಿಕಾಗೋಷ್ಠಿ ಕರೆದಾಗ, ಅದೇ ವೇದಿಕೆಯಲ್ಲಿ ಕೂತು ‘ಈ ಪುರಾವೆ ಸಾಲದು’ ಎಂದವರು ಅವರು.

ಕಣ್ಣು ಏಕೆ ಮೋಸಹೋಗುತ್ತದೆ

ನನಗೆ ಬರುವ ಫೋಟೊಗಳಲ್ಲಿ ಹೆಚ್ಚಿನವು ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಕಪ್ಪಗೆ ಕವಲೊಡೆದ ‘ಜರೀಗಿಡ’ಗಳದ್ದು. ಅವು ಗಿಡವಲ್ಲ. ಮ್ಯಾಂಗನೀಸ್ ಕರಗಿದ ನೀರು ಸಂದಿಯಲ್ಲಿ ಇಳಿದು, ಒಣಗುವಾಗ ಬೆಳೆಯುವ ಖನಿಜ. ಕಬ್ಬಿಣದ ಕಲೆ ಉಂಗುರ ಉಂಗುರವಾಗಿ ಹರಡಿದ್ದನ್ನು ಸ್ಟ್ರೊಮ್ಯಾಟೊಲೈಟ್ ಎಂದುಕೊಂಡವರೂ ಬಹಳ ಮಂದಿ. ಸೂಕ್ಷ್ಮ ಅಳತೆಯಲ್ಲಿ ಈ ಮೋಸ ಇನ್ನೂ ಹೆಚ್ಚು. ಬೇರಿಯಂ ಕಾರ್ಬನೇಟ್ ಮತ್ತು ಸಿಲಿಕಾವನ್ನು ಕ್ಷಾರ ದ್ರಾವಣದಲ್ಲಿ ಬೆಳೆಯಲು ಬಿಟ್ಟರೆ, ತಿರುಚಿದ ಎಳೆಗಳು, ಹುಳುಗಳಂಥ ರಚನೆಗಳು ತಾವಾಗಿಯೇ ಹುಟ್ಟುತ್ತವೆ ಎಂದು ಸ್ಪೇನ್‌ನ ಹುವಾನ್ ಮ್ಯಾನುಯೆಲ್ ಗಾರ್ಸಿಯಾ-ರೂಯಿಸ್ ತಂಡ 2003ರಲ್ಲಿ ತೋರಿಸಿತು. ಆ ಪಾತ್ರೆಯಲ್ಲಿ ಜೀವ ಎಂಬುದೇ ಇರಲಿಲ್ಲ, ಆದರೂ ಚಿತ್ರಗಳನ್ನು ಏಪೆಕ್ಸ್ ಎಳೆಗಳ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ.

ನಮ್ಮ ದೇಶದ್ದೇ ಒಂದು ಪ್ರಸಂಗವಿದೆ. ಅದು ಸೂಕ್ಷ್ಮ ಪಳೆಯುಳಿಕೆಯದಲ್ಲ, ಆದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮಧ್ಯಪ್ರದೇಶದ ಭೀಮ್‌ಬೆಟ್ಕಾ ಗುಹೆಯೊಂದರ ಮೇಲ್ಛಾವಣಿಯಲ್ಲಿ, ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂಬ ಜೀವಿಯ ಅಚ್ಚು ಕಂಡಿದೆ ಎಂದು 2021ರಲ್ಲಿ ಸಂಶೋಧಕರು ಪ್ರಕಟಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಫ್ಲಾರಿಡಾದ ಜೋಸೆಫ್ ಮೀರ್ಟ್ ಅಲ್ಲಿಗೆ ಹೋದಾಗ ಆ ‘ಪಳೆಯುಳಿಕೆ’ ಕಲ್ಲಿನಿಂದ ಕಳಚಿ ಬೀಳುತ್ತಿತ್ತು. ಅದು ಹಿಂದೆ ಅಲ್ಲಿ ಕಟ್ಟಿದ್ದ ಹೆಜ್ಜೇನುಗೂಡಿನ ಉಳಿಕೆ ಎಂದು ಅವರ ತಂಡ 2023ರಲ್ಲಿ ಪ್ರಕಟಿಸಿತು. ಮೊದಲು ಬರೆದ ಗ್ರೆಗ್ ರೆಟಾಲಾಕ್ ಹಿಂಜರಿಯದೆ ಒಪ್ಪಿಕೊಂಡರು. ಗುಹೆಯ ಸೂರಿನಲ್ಲಿ, ದೂರದಿಂದ ತೆಗೆದ ಫೋಟೊದಲ್ಲಿ, ಆಕಾರವೊಂದೇ ಮಾತಾಡಿದಾಗ ಹೀಗಾಗುತ್ತದೆ.

ಇದಕ್ಕೆ ತಿರುಗುಮುರುಗಾದ ಕಥೆಯೂ ಇದೆ, ನನಗೆ ಅದು ಇನ್ನೂ ಹೆಚ್ಚು ಮುಖ್ಯ. ಡೆಹ್ರಾಡೂನಿನ ರಫತ್ ಆಜ್ಮಿ 1998ರಲ್ಲಿ, ಬೆಂಗಳೂರಿನಿಂದ ಹೊರಡುವ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾದ ಪತ್ರಿಕೆಯಲ್ಲಿ, ಮಧ್ಯ ಭಾರತದ ಸೋನ್ ಕಣಿವೆಯ ಕೆಳ ವಿಂಧ್ಯ ಶಿಲೆಗಳಲ್ಲಿ ಕೇಂಬ್ರಿಯನ್ ಕಾಲದ ಸಣ್ಣ ಚಿಪ್ಪುಜೀವಿಗಳು ಸಿಕ್ಕಿವೆ ಎಂದು ಬರೆದರು. ಅಂದರೆ ಆ ಶಿಲೆಗಳ ವಯಸ್ಸು 54 ಕೋಟಿ ವರ್ಷದ ಆಸುಪಾಸು ಎಂದಾಯಿತು. ಅವು ಅದಕ್ಕಿಂತ ಎಷ್ಟೋ ಹಳೆಯವು ಎಂದು ಬಹುತೇಕರು ನಂಬಿದ್ದರಿಂದ ದೊಡ್ಡ ಗಲಾಟೆಯಾಯಿತು. ಆಜ್ಮಿ ಅವರ ಮಾತನ್ನು ಅನುಮಾನದಿಂದ ನೋಡಿದವರು ಕಡಿಮೆಯಿರಲಿಲ್ಲ. ಸ್ವೀಡನ್ನಿನ ಸ್ಟೆಫಾನ್ ಬೆಂಗ್ಟ್‌ಸನ್ ತಂಡ ಅದೇ ಶಿಲೆಗಳನ್ನು ಪರೀಕ್ಷಿಸಿ 2009ರಲ್ಲಿ ಹೇಳಿದ್ದು ಇಷ್ಟು: ಪಳೆಯುಳಿಕೆಗಳು ನಿಜ, ಆದರೆ ವಯಸ್ಸು 160 ಕೋಟಿ ವರ್ಷಕ್ಕೂ ಹೆಚ್ಚು, ಅವು ಪ್ರಾಣಿಗಳಲ್ಲ. 2017ರಲ್ಲಿ ಚಿತ್ರಕೂಟದ ಫಾಸ್ಫೇಟ್ ಶಿಲೆಯಿಂದ ಕೆಂಪು ಪಾಚಿಯಂಥ ಎಳೆಗಳನ್ನು ಅದೇ ತಂಡ ವರ್ಣಿಸಿತು. ಒಂದಕ್ಕೆ ಇಟ್ಟ ಹೆಸರು ರಫತಾಜ್ಮಿಯಾ. ಒಬ್ಬ ಮನುಷ್ಯನಿಗೆ ನ್ಯಾಯ ಸಿಕ್ಕಿತು ಎಂಬ ಸಮಾಧಾನ ನನಗಿದೆ. ‘ಇದು ಜೀವವೇ?’ ಮತ್ತು ‘ಇದರ ವಯಸ್ಸೆಷ್ಟು?’ ಎಂಬುವು ಎರಡು ಪ್ರತ್ಯೇಕ ಪ್ರಶ್ನೆಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವಯಸ್ಸಿನ ವಿಷಯ ಚುಟುಕಾಗಿ. ಪಳೆಯುಳಿಕೆಯ ವಯಸ್ಸನ್ನು ಸಾಮಾನ್ಯವಾಗಿ ಪಳೆಯುಳಿಕೆಯಿಂದಲೇ ಅಳೆಯುವುದಿಲ್ಲ. ಅದರ ಮೇಲೂ ಕೆಳಗೂ ಇರುವ ಜ್ವಾಲಾಮುಖಿ ಬೂದಿಯ ಪದರುಗಳಲ್ಲಿ ಜಿರ್ಕಾನ್ ಹರಳುಗಳನ್ನು ಹುಡುಕುತ್ತಾರೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ಇಂದು ಅದರೊಳಗೆ ಸಿಗುವ ಸೀಸ ಯುರೇನಿಯಂ ಕ್ಷಯಿಸಿಯೇ ಬಂದದ್ದು. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಉಳಿದದ್ದು ಲೆಕ್ಕ.

ಇಂಗಾಲದ ಸಾಕ್ಷ್ಯಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಕು, ಏಕೆಂದರೆ ವಿಡಿಯೊಗಳಲ್ಲಿ ಇದು ಮಂತ್ರದಂತೆ ಬಳಕೆಯಾಗುತ್ತದೆ. ಇಂಗಾಲದಲ್ಲಿ ಹಗುರವಾದ 12 ಮತ್ತು ತುಸು ಭಾರದ 13 ಎಂಬ ಎರಡು ಸ್ಥಿರ ಐಸೊಟೋಪ್‌ಗಳಿವೆ, ನೂರರಲ್ಲಿ ಸುಮಾರು 99 ಪಾಲು ಹಗುರದ್ದು. ದ್ಯುತಿಸಂಶ್ಲೇಷಣೆ ಮಾಡುವ ಜೀವಿಗಳು ಹಗುರದ್ದನ್ನೇ ಬೇಗ ಹೀರಿಕೊಳ್ಳುವುದರಿಂದ ಅವುಗಳ ದೇಹದಲ್ಲಿ 13ರ ಪಾಲು ಸಾವಿರಕ್ಕೆ ಇಪ್ಪತ್ತೈದರಷ್ಟು ಕಡಿಮೆ ಇರುತ್ತದೆ. ದೇಹ ಕೊಳೆತು ಇಂಗಾಲವಾಗಿ ಕಲ್ಲಿನಲ್ಲಿ ಉಳಿದರೂ ಆ ಗುರುತು ಬಹುಮಟ್ಟಿಗೆ ಉಳಿಯುತ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಹತ್ತು ಸಾವಿರಕ್ಕೂ ಹೆಚ್ಚು ಜಿರ್ಕಾನ್‌ಗಳ ಸಂಗ್ರಹದಲ್ಲಿ ಒಂದೇ ಒಂದು, 410 ಕೋಟಿ ವರ್ಷದ ಹರಳಿನೊಳಗೆ, ಇಂಥ ಹಗುರ ಗ್ರಾಫೈಟ್ ಸಿಕ್ಕಿತೆಂದು 2015ರಲ್ಲಿ ಎಲಿಜಬೆತ್ ಬೆಲ್ ತಂಡ ಪ್ರಕಟಿಸಿತು. ಮೈ ಜುಮ್ಮೆನ್ನುವ ಫಲಿತಾಂಶ. ಆದರೆ ಸಮುದ್ರದಾಳದ ಬಿಸಿನೀರಿನಲ್ಲಿ, ಲೋಹಗಳ ಸಮ್ಮುಖದಲ್ಲಿ, ಜೀವದ ಸಹಾಯವಿಲ್ಲದೆ ನಡೆಯುವ ರಾಸಾಯನಿಕ ಕ್ರಿಯೆಗಳೂ ಇಷ್ಟೇ ಹಗುರವಾದ ಇಂಗಾಲವನ್ನು ಕೊಡಬಲ್ಲವು. ಹೀಗಾಗಿ ಹಗುರ ಇಂಗಾಲ ‘ಇರಬಹುದು’ ಎನ್ನುತ್ತದೆ, ‘ಇದೆ’ ಎನ್ನುವುದಿಲ್ಲ.

ಬ್ರೇಸಿಯರ್ ಒಂದು ನಿಯಮವನ್ನು ಬಲವಾಗಿ ಹಿಡಿದಿದ್ದರು: ಅತಿ ಹಳೆಯ ಶಿಲೆಯಲ್ಲಿ ಜೀವದಂತೆ ಕಂಡದ್ದನ್ನು, ನಿರ್ಜೀವ ಕಾರಣಗಳೆಲ್ಲ ಸೋತ ಮೇಲೆಯೇ ಜೀವ ಎನ್ನಬೇಕು. ನಾನೂ ಅದನ್ನೇ ಪಾಲಿಸುತ್ತೇನೆ.

ನಿಮ್ಮ ಕಲ್ಲಿನ ಬಗ್ಗೆ

ನಿಮ್ಮ ಬಾಗಲಕೋಟೆ ಕಡೆಯ ಕಲಾದಗಿ ಶಿಲಾಸಮೂಹದ ಡಾಲೊಮೈಟ್ (ಮೆಗ್ನೀಸಿಯಂ ಬೆರೆತ, ಸುಣ್ಣಕಲ್ಲಿನಂಥ ಶಿಲೆ) ಮತ್ತು ಸುಣ್ಣಕಲ್ಲುಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಅವುಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ ಎಂಬುದು ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಆದ್ದರಿಂದ ನಿಮ್ಮ ಊಹೆ ಸರಿಯಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನಮ್ಮ ರಾಜ್ಯದಲ್ಲಿ ಇದಕ್ಕಿಂತ ಬಹಳ ಹಳೆಯವೂ ಇವೆ. ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗದ ಕಡೆ ವಾಣಿವಿಲಾಸಪುರದ ಸುತ್ತಲಿನ ಶಿಲೆಗಳು, ಬಳ್ಳಾರಿ ಸೀಮೆಯ ಸಂಡೂರು, ಈ ಕಡೆಗಳಿಂದ 250 ಕೋಟಿ ವರ್ಷ ದಾಟಿದ ಸ್ಟ್ರೊಮ್ಯಾಟೊಲೈಟ್‌ಗಳು ವರದಿಯಾಗಿವೆ. ಸಂಡೂರಿನ ದೋಣಿಮಲೈ ಸ್ತರದ ಚರ್ಟ್‌ನಿಂದ ಸೂಕ್ಷ್ಮ ಪಳೆಯುಳಿಕೆಗಳನ್ನು ಬಿ.ಎಸ್. ವೆಂಕಟಾಚಲ ಮತ್ತು ಸಂಗಡಿಗರು 1990ರಲ್ಲಿ ವರ್ಣಿಸಿದರು. ಹಳೆಯ ಕಲ್ಲು ಎಂದ ಮಾತ್ರಕ್ಕೆ ಹಳೆಯ ಜೀವ ಅದರಲ್ಲಿರಬೇಕೆಂದಿಲ್ಲ ಎಂಬುದೂ ನೆನಪಿರಲಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಅದು ಭೂಮಿಯಾಳದ ಬಿಸಿ ಮತ್ತು ಒತ್ತಡದಲ್ಲಿ ರೂಪುಗೊಂಡ ನೈಸ್ ಶಿಲೆ, ಅಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ.

ಸ್ಟ್ರೊಮ್ಯಾಟೊಲೈಟ್ ಎಂದರೆ ಜೀವಿಯಲ್ಲ, ಜೀವಿಗಳು ಕಟ್ಟಿದ ದಿಬ್ಬ. ಲೋಳೆಯ ಹಾಸಿನಂತೆ ಬೆಳೆದ ಸೂಕ್ಷ್ಮಜೀವಿಗಳು ಕೆಸರಿನ ಕಣಗಳನ್ನು ಹಿಡಿದಿಟ್ಟು, ಮುಚ್ಚಿಹೋದಾಗ ಮೇಲಕ್ಕೆ ಸರಿದು, ಮತ್ತೆ ಹಾಸು ಹರಡುತ್ತ ಹೋದಾಗ ಪದರು ಪದರಾಗಿ ಎದ್ದದ್ದು. ಇಂದಿಗೂ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಉಪ್ಪುನೀರಿನಲ್ಲಿ ಇವು ಬೆಳೆಯುತ್ತಿವೆ. ನಿಮ್ಮ ಕಲ್ಲಿನ ಬಾಗಿದ ಪದರುಗಳ ಮೇಲೆ ಬೆರಳಿಟ್ಟು ನೋಡಿ. ಪದರು ಬಾಗಿನ ನೆತ್ತಿಯಲ್ಲಿ ದಪ್ಪವಾಗಿ, ಪಕ್ಕಕ್ಕೆ ಇಳಿದಂತೆ ತೆಳುವಾಗುತ್ತದೆಯೇ? ಗೆರೆ ಸಣ್ಣಗೆ ಸುಕ್ಕುಗಟ್ಟಿದೆಯೇ? ಎರಡು ಬಾಗುಗಳ ನಡುವಿನ ತಗ್ಗಿನಲ್ಲಿ ಬೇರೆ ಬಣ್ಣದ ಒರಟು ಕಣಗಳು ತುಂಬಿವೆಯೇ? ಹಾಗಿದ್ದರೆ ಜೀವದ ಕಡೆ ತೂಕ ಹೆಚ್ಚು. ಎಲ್ಲ ಪದರುಗಳೂ ಒಂದೇ ದಪ್ಪದಲ್ಲಿ ನುಣುಪಾಗಿ ಬಾಗಿದ್ದರೆ, ನೀರಿನಿಂದ ಖನಿಜ ಕೂತದ್ದೋ ಕಲ್ಲು ಮಡಿಸಿಕೊಂಡದ್ದೋ ಇರಬಹುದು.

ಶಾಲೆಯ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದ್ದು ನಿಮ್ಮ ತಪ್ಪಲ್ಲ. ಅದು ಕೆಳಗಿನಿಂದ ಬೆಳಕು ಹಾಯಿಸುವ ಯಂತ್ರ, ಕಲ್ಲಿನ ಮೂಲಕ ಬೆಳಕು ಹಾಯುವುದಿಲ್ಲ. ವಜ್ರದ ಅಲಗಿನ ಗರಗಸದಿಂದ ಕಲ್ಲನ್ನು ಬಿಲ್ಲೆಯಾಗಿ ಕತ್ತರಿಸಿ, ಗಾಜಿನ ಪಟ್ಟಿಗೆ ಅಂಟಿಸಿ, ಕಾರ್ಬೊರಂಡಮ್ ಪುಡಿಯಲ್ಲಿ ಉಜ್ಜುತ್ತ ಉಜ್ಜುತ್ತ 0.03 ಮಿಲಿಮೀಟರ್‌ಗೆ ಇಳಿಸಬೇಕು. ಆಗ ಕಪ್ಪು ಚರ್ಟ್ ಕೂಡ ತಿಳಿಯಾಗಿ, ಅದರೊಳಗೆ ಕಂದು ಬಣ್ಣದ ಇಂಗಾಲದ ಚೂರುಗಳು ತೇಲುವಂತೆ ಕಾಣುತ್ತವೆ. ಸೂಕ್ಷ್ಮ ಫೋಕಸ್ ತಿರುಗಿಸಿದಾಗ ಎಳೆಯ ಒಂದು ತುದಿ ಮಸುಕಾಗಿ ಇನ್ನೊಂದು ತುದಿ ಸ್ಪಷ್ಟವಾದರೆ ಅದು ಶಿಲೆಯ ಒಳಗೇ ಓರೆಯಾಗಿ ಹೂತಿದೆ ಎಂದರ್ಥ. ಇಡೀ ಎಳೆ ಒಮ್ಮೆಲೇ ಸ್ಪಷ್ಟವಾಗಿ, ಅಂಟಿನ ಮಟ್ಟದಲ್ಲೇ ಇದ್ದರೆ ನನಗೆ ಅನುಮಾನ ಬರುತ್ತದೆ. ಧೂಳಿನ ನಾರು, ನಿನ್ನೆ ಮೊನ್ನೆ ಬಿರುಕಿನಲ್ಲಿ ಬೆಳೆದ ಶಿಲೀಂಧ್ರ, ಹೊಳಪು ಕೊಡುವಾಗ ಸಿಕ್ಕಿಕೊಂಡ ಕೊಳೆ, ಇವೆಲ್ಲ ನೋಡಲು ಪ್ರಾಚೀನ ಬ್ಯಾಕ್ಟೀರಿಯಾದಂತೆಯೇ ಇರುತ್ತವೆ.

ಅಲ್ಲೂ ಡಾಲೊಮೈಟ್ ಭಾಗದಿಂದ ಏನೂ ಸಿಗದಿರುವ ಸಂಭವವೇ ಹೆಚ್ಚು. ಅದರ ಹರಳುಗಳು ಮತ್ತೆ ಮತ್ತೆ ಬೆಳೆದು ಕೋಶಗಳನ್ನು ಅಳಿಸಿಹಾಕಿರುತ್ತವೆ. ನನ್ನ ಕಣ್ಣು ನಿಮ್ಮ ಆ ಕಪ್ಪು ಪಟ್ಟಿಯ ಮೇಲಿದೆ. ಚಾಕುವಿಗೆ ಗೀರಾಗದಿದ್ದರೆ ಅದು ಚರ್ಟ್ ಇರಬಹುದು. ಆ ಕಾಲದ ಸಮುದ್ರಗಳಲ್ಲಿ ಸಿಲಿಕಾವನ್ನು ಹೀರಿ ಚಿಪ್ಪು ಕಟ್ಟುವ ಡಯಾಟಮ್‌ಗಳಾಗಲಿ ಸ್ಪಂಜುಗಳಾಗಲಿ ಇರಲಿಲ್ಲ. ಹಾಗಾಗಿ ನೀರಿನಲ್ಲಿ ಸಿಲಿಕಾ ಧಾರಾಳವಾಗಿತ್ತು, ದಡದ ಹತ್ತಿರ ಲೋಳೆಯ ಹಾಸಿನ ಮೇಲೇ ಜೆಲ್ ಆಗಿ ಕೂರುತ್ತಿತ್ತು. ಕೋಶ ಕೊಳೆಯುವ ಮುನ್ನವೇ ಸಿಲಿಕಾ ಒಳಹೊಕ್ಕರೆ ಅದರ ಗೋಡೆ ಉಳಿಯುತ್ತದೆ. ಸೂಕ್ಷ್ಮ ಪಳೆಯುಳಿಕೆಗಳ ಅಧ್ಯಯನಕ್ಕೆ ಬಾಗಿಲು ತೆರೆದದ್ದೇ ಇಂಥ ಶಿಲೆ. ಕೆನಡಾದ ಸುಪೀರಿಯರ್ ಸರೋವರದ ದಂಡೆಯ, 188 ಕೋಟಿ ವರ್ಷದ ಗನ್‌ಫ್ಲಿಂಟ್ ಚರ್ಟ್‌ನಲ್ಲಿ ಸ್ಟಾನ್ಲಿ ಟೈಲರ್ 1953ರಲ್ಲಿ ವಿಚಿತ್ರ ರಚನೆಗಳನ್ನು ಕಂಡು ಎಲ್ಸೊ ಬಾರ್ಗ್‌ಹೂರ್ನ್‌ಗೆ ತೋರಿಸಿದರು. ಮರುವರ್ಷ ಇಬ್ಬರೂ ಸೇರಿ ಪ್ರಕಟಿಸಿದರು. ಕೇಂಬ್ರಿಯನ್‌ಗೆ ಹಿಂದಿನ ಪಳೆಯುಳಿಕೆಗಳು ಏಕೆ ಸಿಗುತ್ತಿಲ್ಲ ಎಂದು ಡಾರ್ವಿನ್ 1859ರಲ್ಲಿ ಬರೆದುಕೊಂಡಿದ್ದ ಚಿಂತೆಗೆ ಅಲ್ಲಿಂದ ಉತ್ತರ ಸಿಗತೊಡಗಿತು. ಅವು ಇದ್ದವು, ನೋಡುವ ಅಳತೆ ಬೇರೆಯಾಗಿತ್ತು.

ಈಗ ಏನು ಮಾಡಬಹುದು

ಆಸಿಡ್‌ನ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಸಿಲಿಕಾದೊಳಗಿನ ಜೈವಿಕ ಇಂಗಾಲವನ್ನು ಬಿಡಿಸಲು ಪ್ರಯೋಗಾಲಯಗಳಲ್ಲಿ ಹೈಡ್ರೊಫ್ಲೋರಿಕ್ ಆಮ್ಲ ಬಳಸುತ್ತಾರೆ. ಅದು ಚರ್ಮದೊಳಗೆ ಇಳಿದು ರಕ್ತದ ಮತ್ತು ಮೂಳೆಯ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ನೋವು ತಡವಾಗಿ ಗೊತ್ತಾಗಬಹುದು, ಅಂಗೈಯಷ್ಟು ಜಾಗಕ್ಕೆ ತಗುಲಿದರೂ ಜೀವಕ್ಕೆ ಅಪಾಯ. ವಿಶೇಷ ವ್ಯವಸ್ಥೆ, ತರಬೇತಿ ಎರಡೂ ಇಲ್ಲದ ಕಡೆ ಅದರ ಬಾಟಲಿಯೂ ಇರಬಾರದು. ಶಾಲೆಯಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲವನ್ನು ಚೆನ್ನಾಗಿ ತೆಳುಗೊಳಿಸಿ, ಕನ್ನಡಕ ಹಾಕಿಕೊಂಡು, ಒಂದು ಹನಿ ಕಲ್ಲಿನ ಮೂಲೆಗೆ ಬಿಡಬಹುದು. ಕೂಡಲೇ ನೊರೆ ಬಂದರೆ ಸುಣ್ಣಕಲ್ಲು. ಬರದೆ, ಅದೇ ಜಾಗವನ್ನು ಕೆರೆದ ಪುಡಿಯ ಮೇಲೆ ಮಾತ್ರ ನಿಧಾನವಾಗಿ ಬಂದರೆ ಡಾಲೊಮೈಟ್. ಚರ್ಟ್ ಆದರೆ ಎರಡೂ ಕಡೆ ಇಲ್ಲ. ಇಡೀ ಕಲ್ಲನ್ನು ಮುಳುಗಿಸಿದರೆ ಮಾತ್ರ ಪದರುಗಳೇ ಕರಗಿಹೋಗುತ್ತವೆ.

ಗ್ರಾನೈಟ್ ಕತ್ತರಿಸುವ ಅಂಗಡಿಯಲ್ಲಿ ಒಂದು ಮುಖ ಕೊಯ್ಸಿ ಹೊಳಪು ಕೊಡಿಸುವುದು ಇನ್ನೊಂದು ದಾರಿ. ಪದರುಗಳು ಬಹಳ ಸ್ಪಷ್ಟವಾಗಿ ಕಾಣುತ್ತವೆ, ಮಕ್ಕಳಿಗೆ ತೋರಿಸಲು ಅದೇ ಸಾಕು. ಆದರೆ ನೀರು ಹಾಯಿಸುತ್ತ ಕತ್ತರಿಸುವ ಕಡೆ ಮಾತ್ರ ಕೊಡಿ. ಚರ್ಟ್‌ನ ಒಣ ಧೂಳು ಅಪ್ಪಟ ಸಿಲಿಕಾ, ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ತರುತ್ತದೆ, ಮತ್ತು ಅದು ಗುಣವಾಗುವ ಕಾಯಿಲೆಯಲ್ಲ. ಕತ್ತರಿಸುವಾಗ ಮಕ್ಕಳನ್ನು ಕರೆದೊಯ್ಯಬೇಡಿ. ಕಪ್ಪು ಪಟ್ಟಿಯಿರುವ ಅರ್ಧವನ್ನು ಮುಟ್ಟದೆ ಉಳಿಸಿಕೊಳ್ಳಿ.

ತೆಳುಪದರ ಮಾಡಿಸಬೇಕೆಂದರೆ ನಿಮಗೆ ಹತ್ತಿರವಾಗುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ. ಮೊದಲೇ ಪತ್ರ ಬರೆದು ಕೇಳಿ. ಇದರಲ್ಲಿ ಕಲ್ಲಿನ ಒಂದು ತುಂಡು ನಷ್ಟವಾಗುತ್ತದೆ, ಏನೂ ಸಿಗದೆಯೂ ಇರಬಹುದು ಎಂಬುದಕ್ಕೆ ಸಿದ್ಧರಾಗಿರಿ.

ಮಾರಿಸಿಕೊಡುತ್ತೇನೆ ಎನ್ನುವವರಿಗೆ ಬೇಡ ಎನ್ನಿ. ಇಂಥ ಕಲ್ಲಿಗೆ ಲಕ್ಷಗಟ್ಟಲೆ ಬೆಲೆ ಕೊಡುವ ಯಾವ ವಿಜ್ಞಾನಿಯೂ ಇಲ್ಲ. ಅದರ ಜೊತೆ ಬರುವ ‘ಪ್ರಮಾಣಪತ್ರ’ಕ್ಕೆ ಅರ್ಥವೂ ಇಲ್ಲ. ಇಂಥವರ ಆಸೆಗೆ ಸ್ಟ್ರೊಮ್ಯಾಟೊಲೈಟ್ ಇರುವ ಬಂಡೆಗಳನ್ನು ಒಡೆದು ಒಯ್ದ ಜಾಗಗಳನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಅಲ್ಲಿ ಪದರುಗಳ ಸಾಲು ತುಂಡಾಗಿ, ಮುಂದೆ ಯಾರೂ ಓದದಂತಾಗುತ್ತದೆ.

ನಿಮ್ಮ ಕಲ್ಲಿನ ದೊಡ್ಡ ಕೊರತೆ ಅದು ಸುರಿದ ರಾಶಿಯಲ್ಲಿ ಸಿಕ್ಕಿದ್ದು. ಬ್ರೇಸಿಯರ್ ಮತ್ತೆ ಪಿಲ್ಬಾರಾಕ್ಕೆ ಹೋಗಬಲ್ಲವರಾದದ್ದು ಕಲ್ಲಿನ ಜಾಗ ದಾಖಲಾಗಿದ್ದರಿಂದ. ಅದನ್ನು ನೀವು ಇನ್ನೂ ಸರಿಪಡಿಸಬಹುದು. ರಸ್ತೆ ಗುತ್ತಿಗೆದಾರರನ್ನೋ ಟಿಪ್ಪರ್ ಚಾಲಕರನ್ನೋ ಕೇಳಿ, ಆ ಕಲ್ಲು ಯಾವ ಕ್ವಾರಿಯಿಂದ ಬಂತೆಂದು ತಿಳಿದುಕೊಳ್ಳಿ. ಮಾಲೀಕರ ಅನುಮತಿ ಪಡೆದು, ಸ್ಫೋಟ ಮಾಡದ ದಿನ ಹೋಗಿ, ಕ್ವಾರಿಯ ಗೋಡೆಯಿಂದ ದೂರ ನಿಂತೇ ನೋಡಿ. ಗೋಡೆಯಲ್ಲಿ ಅದೇ ಬಾಗಿದ ಪದರುಗಳು, ಅದೇ ಕಪ್ಪು ಪಟ್ಟಿ ಕಂಡರೆ, ದೂರದಿಂದಲೇ ಫೋಟೊ ತೆಗೆಯಿರಿ, ಮೊಬೈಲ್‌ನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಬಾಗುಗಳ ಉಬ್ಬು ಯಾವ ಕಡೆಗಿದೆ ನೋಡಿ, ಸ್ಟ್ರೊಮ್ಯಾಟೊಲೈಟ್ ಆದರೆ ಉಬ್ಬು ಅಂದಿನ ಆಕಾಶದ ಕಡೆಗಿರುತ್ತದೆ. ಗೋಡೆಯಿಂದ ದೂರ ಉರುಳಿ ಬಿದ್ದ ಒಂದು ತುಂಡು ಸಾಕು, ಅದರ ಉಬ್ಬನ್ನು ನೋಡಿ ಮೇಲ್ಮುಖ ಯಾವುದೆಂದು ಬಾಣದ ಗುರುತು ಹಾಕಿ, ತಾರೀಖು ಮತ್ತು ಜಾಗ ಬರೆದ ಚೀಟಿಯೊಡನೆ ಹಳೆಯ ಪತ್ರಿಕೆಯಲ್ಲಿ ಸುತ್ತಿಡಿ. ಈ ಕೆಲಸಕ್ಕೆ ಮಕ್ಕಳನ್ನು ಕ್ವಾರಿಗೆ ಕರೆದೊಯ್ಯಬೇಡಿ. ಫೋಟೊಗಳನ್ನು ಹಿಡಿದು ನಕ್ಷೆ ಬರೆಯುವ ಕೆಲಸವನ್ನು ತರಗತಿಯಲ್ಲಿ ಅವರಿಗೇ ಬಿಡಿ, ಆ ವಿಡಿಯೊ ತಂದ ಹುಡುಗನಿಗೆ ಅನುಮಾನ ಎತ್ತುವ ಕೆಲಸ ಕೊಡಿ.

ಧಾರವಾಡದಲ್ಲಿ ತೆಳುಪದರ ಮಾಡಿಸುವಾಗ ಎರಡು ಕೇಳಿ, ಪದರುಗಳಿಗೆ ಅಡ್ಡವಾಗಿ ಒಂದು, ಅವುಗಳ ಉದ್ದಕ್ಕೂ ಒಂದು, ಎರಡೂ ಕಪ್ಪು ಪಟ್ಟಿಯನ್ನು ಹಾಯುವಂತೆ. ಮೇಲೆ ಗಾಜು ಮುಚ್ಚದೆ ಹೊಳಪು ಕೊಟ್ಟು ಬಿಡಲು ಹೇಳಿ, ಮುಂದೆ ರಾಮನ್ ಪರೀಕ್ಷೆ ಬೇಕಾದರೆ ಅನುಕೂಲವಾಗುತ್ತದೆ. ಕ್ವಾರಿಯ ಫೋಟೊಗಳನ್ನು ಮತ್ತು ಆ ಚೀಟಿಯ ನಕಲನ್ನು ನನಗೂ ಕಳುಹಿಸಿ.